ಬ್ಯುಸಿ ಎನ್ನುತ್ತಿದ್ದ ಖಾಲಿ ಬಿಲ್ಡಿಂಗ್

ನಾನು ನಿವೃತ್ತನಾಗಲು ಎರಡು ವರ್ಷ ಬಾಕಿಯಿದ್ದಾಗಿನ ಮಾತು. ಬಾಂದ್ರಾದಲ್ಲಿ ಲಿಫ್ಟ್ ಇಂಟರ್‌ಕಾಮ್‌ಗಳನ್ನು ನೋಡಿಕೊಳ್ಳುವ ಸಣ್ಣ ಕಂಪನಿಯೊಂದರಲ್ಲಿ ನೆಟ್‌ವರ್ಕ್ ಇಂಜಿನಿಯರ್ ಆಗಿದ್ದೆ. ಬೊರಿವಲಿಯಿಂದ ದಿನಾ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಬಂದು ಒಂದು ಸ್ಕ್ರೀನ್ ಮುಂದೆ ಕೂರುವುದು ನನ್ನ ಪಾಲಿನ ಕೆಲಸ.

ವ್ಯವಸ್ಥೆ ಸರಳವಾಗಿತ್ತು. ಲಿಫ್ಟ್‌ನಲ್ಲಿ ಸಿಕ್ಕಿಕೊಂಡವರು ಬಟನ್ ಒತ್ತಿದರೆ ಕೆಳಗೆ ವಾಚ್‌ಮನ್ ಕ್ಯಾಬಿನ್ನಿನ ಫೋನ್ ರಿಂಗಾಗುತ್ತದೆ. ಆಫೀಸಿನಲ್ಲಿರುವ ನಮ್ಮ ರಿಲೇ ಸರ್ವರ್ ನಿಮಿಷಕ್ಕೊಮ್ಮೆ ಪ್ರತಿ ಲಿಫ್ಟನ್ನೂ ‘ಇದ್ದೀಯಾ?’ ಎಂದು ವಿಚಾರಿಸುತ್ತದೆ. ಉತ್ತರ ಬಂದರೆ ಹಸಿರು. ಸತತ ಮೂರು ಸಲ ಬಾರದಿದ್ದರೆ ಕೆಂಪು, ಅಲಾರಾಂ. ಲೈನ್ ‘ಬ್ಯುಸಿ’ ಎಂದರೆ ಹಳದಿ. ಯಾರೋ ವಾಚ್‌ಮನ್ ಜೊತೆ ಮಾತಾಡುತ್ತಿದ್ದಾರೆ, ಸುಮ್ಮನಿದ್ದು ಆಮೇಲೆ ಕೇಳು ಎಂದರ್ಥ. ಮೊದಲು ಹಳದಿಗೂ ಅಲಾರಾಂ ಬಡಿದುಕೊಂಡು ಎಲ್ಲರ ತಲೆ ಚಿಟ್ಟು ಹಿಡಿಸುತ್ತಿತ್ತು. ಅದರ ಬಾಯಿ ಮುಚ್ಚಿಸಿದವನು ನಾನೇ. ಆಫೀಸಿನವರು ಹೊಗಳಿದರು, ನಾನೂ ಉಬ್ಬಿದೆ. ಫೋನ್ ಎತ್ತುವವರೆಗೆ ಲಿಫ್ಟ್‌ನಲ್ಲಿ ಕೇಳಿಸುವ “ರುಕಿಯೇ, ಮದದ್ ಆ ರಹೀ ಹೈ”, ಅಂದರೆ ತಾಳಿ, ಸಹಾಯ ಬರುತ್ತಿದೆ ಎಂಬ ಸಂದೇಶವೂ ನನ್ನದೇ ದನಿ. ಪರೀಕ್ಷೆಗೆಂದು ರೆಕಾರ್ಡ್ ಮಾಡಿದ್ದನ್ನು ಬದಲಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಏಪ್ರಿಲ್‌ನ ಒಂದು ಮಧ್ಯಾಹ್ನ, ಒಂದೂವರೆ ಇರಬೇಕು, ಊಟದ ಡಬ್ಬಿ ಬಿಚ್ಚುತ್ತಾ ಸ್ಕ್ರೀನ್ ಕಡೆ ನೋಡಿದೆ. ವಿಲೆ ಪಾರ್ಲೆಯ ಒಂದು ಹಳೇ ಬಿಲ್ಡಿಂಗ್ ಹಳದಿಯಾಗಿತ್ತು. ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟ್‌ಗೆ ಹೋಗಿ, ಹದಿನೈದು ದಿನದ ಹಿಂದೆ ಕೊನೆಯ ಕುಟುಂಬವೂ ಖಾಲಿ ಮಾಡಿದ್ದ ಬಿಲ್ಡಿಂಗ್ ಅದು. ಅಲ್ಲಿ ಮಾತಾಡುವವರು ಯಾರು?

“ಹ್ಯಾಂಗ್ ಹುವಾ ಹೋಗಾ ಸರ್, ರಿಸೆಟ್ ಮಾರೋ,” ಹ್ಯಾಂಗ್ ಆಗಿರಬೇಕು, ರಿಸೆಟ್ ಒತ್ತಿ ಎಂದ ಪಕ್ಕದ ಟೇಬಲ್ಲಿನ ನೀಲೇಶ್.

ರಿಸೆಟ್ ಒತ್ತಿದ್ದರೆ ಹಸಿರಾಗಿ ಕಥೆ ಮುಗಿಯುತ್ತಿತ್ತು. ಮೊದಲು ಲಾಗ್ ಓದುವುದು ನನ್ನ ಹಳೇ ಚಾಳಿ. ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಶುರುವಾಗಿತ್ತು. ಬ್ಯುಸಿ, ಒಂದು ನಿಮಿಷ ಬಿಡುವು, ಮತ್ತೆ ಬ್ಯುಸಿ. ಆಮೇಲೆ ಬಿಡುವು ಮೂರು ನಿಮಿಷವಾಯಿತು, ಹತ್ತಾಯಿತು, ಈಚೆಗೆ ಇಪ್ಪತ್ತೈದು. ಕೆಟ್ಟ ಯಂತ್ರ ಒಂದೇ ಸಮನೆ ಕೆಟ್ಟಿರುತ್ತದೆ. ಇದು ಸುಸ್ತಾಗುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಹಳದಿ ಹೋಗಿ ಹಸಿರಾಯಿತು, ಅಂದರೆ ಎಲ್ಲ ಸರಿಯಿದೆ. ಇಲ್ಲವೇ ಒಳಗೆ ಬಟನ್ ಒತ್ತುತ್ತಿದ್ದವರು ಕೈಬಿಟ್ಟಿದ್ದಾರೆ.

ಆಫೀಸಿನಿಂದ ನೇರ ಲಿಫ್ಟ್‌ಗೆ ಮಾತಾಡುವ ಸೌಲಭ್ಯ ನಮ್ಮಲ್ಲಿರಲಿಲ್ಲ. ಸೊಸೈಟಿ ಸೆಕ್ರೆಟರಿಯನ್ನು ಕಾಡಿ ಅಲ್ಲಿನ ವಾಚ್‌ಮನ್ ಶರಣಪ್ಪನ ಮೊಬೈಲ್ ನಂಬರ್ ಪಡೆದೆ. ಕಲಬುರಗಿ ಕಡೆಯವನು.

“ಯಾರೂ ಇಲ್ರೀ ಸಾಹೇಬ್ರ,” ಎಂದವನು ದನಿ ತಗ್ಗಿಸಿದ. “ಖರೇ ಹೇಳ್ಲೇನ್ರಿ? ಮುಂಜಾನಿಂದ ಮ್ಯಾಲೆ ಯಾರೋ ಖಾರ ಕುಟ್ಟಿದಂಗ ಸಪ್ಪಳ ಬರ್ಲಿಕತ್ತದ. ಖಾಲಿ ಮನ್ಯಾಗ ಕುಟ್ಟವ್ರು ಯಾರ್ರೀ? ಅಂಜಿ, ಖುರ್ಚಿ ಗೇಟಿನ ಹೊರಗ ಹಾಕ್ಕೊಂಡು ಕುಂತೀನಿ.”

“ಈಗಲೂ ಕೇಳುತ್ತಿದೆಯಾ?”

“ಈಗ ಕಮ್ಮಿ ಆಗ್ಯದ್ರಿ.”

ಅವನನ್ನು ಬಯ್ಯುವ ಯೋಗ್ಯತೆ ನನಗಿರಲಿಲ್ಲ. ನಾಲ್ಕು ಗಂಟೆ ಅವನೂ ಕೇಳಿಸಿಕೊಂಡು ಸುಮ್ಮನಿದ್ದ, ನನ್ನ ರಿಲೇಯೂ ಸುಮ್ಮನಿತ್ತು. “ಫೋನ್ ಹಿಡಿದುಕೊಂಡೇ ಮೇಲೆ ಹೋಗಪ್ಪ, ನಾನು ಲೈನ್‌ನಲ್ಲೇ ಇರುತ್ತೇನೆ,” ಎಂದೆ. ಅವನ ಚಪ್ಪಲಿ ಸದ್ದು, ಏದುಸಿರು. ಮೂರನೇ ಮಾಳಿಗೆಯಲ್ಲಿ ಲಿಫ್ಟಿನ ಬಾಗಿಲು ತಟ್ಟಿದ. ತುಸು ಹೊತ್ತು ಏನೂ ಇಲ್ಲ. ಆಮೇಲೆ ಒಳಗಿನಿಂದ ಒಂದೇ ಒಂದು ಸಲ ಗುಡ್ ಎಂದದ್ದು ನನಗೂ ಕೇಳಿಸಿತು.

ನೀಲೇಶ್ ಫೈರ್ ಬ್ರಿಗೇಡ್‌ಗೆ ಫೋನ್ ಮಾಡಿದ. ನಾನು ರಿಕ್ಷಾ ಹಿಡಿದು ಓಡಿದೆ.

ಒಳಗಿದ್ದದ್ದು ಗಿರಿಜಕ್ಕ, ಉಡುಪಿ ಕಡೆಯವರು, ಆ ಬಿಲ್ಡಿಂಗಿನ ಹಳೇ ನಿವಾಸಿ. ಮನೆ ಬದಲಿಸುವಾಗ ಮಸಾಲೆ ಕಡೆಯುವ ಕಲ್ಲು ಹೊಸ ಮನೆಗೆ ಹೋಗಿತ್ತು, ಅದರ ಗುಂಡು ಇಲ್ಲೇ ಉಳಿದಿತ್ತು. ಶರಣಪ್ಪ ಚಹಾಕ್ಕೆ ಹೋದಾಗ ಬಂದು ತೆಗೆದುಕೊಂಡರು. ಭಾರವೆಂದು ಲಿಫ್ಟ್ ಹತ್ತಿದರು. ಅದೇ ಹೊತ್ತಿಗೆ ಕಾಂಟ್ರಾಕ್ಟರನ ಜನ ಕರೆಂಟಿನ ಮೇನ್ ಲೈನ್ ಕಡಿದು ಹೊರಟುಹೋಗಿದ್ದರು. ಇಂಟರ್‌ಕಾಮ್ ಮಾತ್ರ ಬ್ಯಾಟರಿಯಲ್ಲಿ ಬದುಕಿತ್ತು, ಆದರೆ ರಿಂಗಾಗಬೇಕಾದ ಕ್ಯಾಬಿನ್ನನ್ನು ಆಗಲೇ ಒಡೆದುಹಾಕಿದ್ದರು. ಅವರು ಬಟನ್ ಒತ್ತಿದಾಗಲೆಲ್ಲ ಇಲ್ಲದ ಫೋನಿಗೆ ಕರೆ ಹೋಗುತ್ತಿತ್ತು. ಮಿಕ್ಕ ಹೊತ್ತು ಗುಂಡಿನಿಂದ ಬಾಗಿಲು ಗುದ್ದಿದ್ದರು.

ಫೈರ್‌ಮನ್‌ಗಳು ಬಾಗಿಲು ಮೀಟಿ ತೆಗೆದಾಗ ಗುಂಡನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದರು, ಸೀರೆಯೆಲ್ಲ ಬೆವರಿನಿಂದ ತೊಯ್ದಿತ್ತು. ಏಳಲು ಹೋಗಿ ವಾಲಿದರು. ಬೀಳುತ್ತಾರೆಂದು ನಾನು ಗಾಬರಿಯಲ್ಲಿ ಕೈ ಚಾಚಿ, “ರುಕಿಯೇ, ರುಕಿಯೇ!” ಎಂದೆ.

ಗಿರಿಜಕ್ಕ ಚೇಳು ಕಂಡವರಂತೆ ಹಿಂದೆ ಸರಿದು ಮೂಲೆಗೆ ಅಂಟಿಕೊಂಡರು. ಅಷ್ಟು ಹೊತ್ತು ಬಾಗಿಲಾಚೆಯಿಂದ ಕನ್ನಡದಲ್ಲಿ ಧೈರ್ಯ ಹೇಳುತ್ತಿದ್ದ ಶರಣಪ್ಪನಿಗೆ ನನ್ನನ್ನು ತೋರಿಸಿದರು.

“ಇವರೇ. ಬೆಳಿಗ್ಗೆಯಿಂದ ತಾಳಿ, ತಾಳಿ ಅಂತ ಹೇಳ್ತಾ ಇದ್ದದ್ದು ಇವರೇ. ಹೆಸರು ಹೇಳಿದೆ, ನೀರು ಬೇಕು ಅಂದೆ. ಕೇಳಿಸಿಕೊಳ್ತಾ ಇದ್ದಾರೆ, ಬರ್ತಾರೆ ಅಂತಲೇ ನಂಬಿ ಕೂತೆ.”

ನಾಚಿಕೆಯಿಂದ ಹಿಡಿಯಷ್ಟಾದೆ.

ಮರುದಿನವೇ ನಿಯಮ ತಿದ್ದಿದೆ. ಐದು ನಿಮಿಷಕ್ಕಿಂತ ಹೆಚ್ಚು ಬ್ಯುಸಿ ಎಂದರೂ, ಬಿಟ್ಟು ಬಿಟ್ಟು ಮತ್ತೆ ಮತ್ತೆ ಬ್ಯುಸಿ ಎಂದರೂ ಕೆಂಪು. ಅಲಾರಾಂ ಮತ್ತೆ ಎಲ್ಲರ ತಲೆ ತಿನ್ನತೊಡಗಿತು, ಈ ಸಲ ಯಾರೂ ಗೊಣಗಲಿಲ್ಲ. ನನ್ನ ದನಿಯನ್ನು ಎಲ್ಲ ಲಿಫ್ಟ್‌ಗಳಿಂದಲೂ ಅಳಿಸಿಹಾಕಿದೆ. ಉತ್ತರಿಸದವರನ್ನು ಹುಡುಕಿಕೊಂಡು ಹೋಗುವುದು ನನಗೆ ಮೊದಲಿನಿಂದ ಗೊತ್ತಿತ್ತು. ಆಮೇಲೆ ನೋಡೋಣ ಎಂದು ಬಿಟ್ಟವರನ್ನೂ ಹುಡುಕಬೇಕು ಎಂದು ಆ ಮಧ್ಯಾಹ್ನ ಕಲಿತೆ. ಈಗಲೂ ಮನೆಯಲ್ಲಿ ಒಳಗಿನಿಂದ ಹೆಂಡತಿ ಕರೆದರೆ ‘ತಾಳು, ಬಂದೆ’ ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ. ಎದ್ದು ಹೋಗಿಬಿಡುತ್ತೇನೆ.