ನೆನೆಯಿಡದ ಗೆಣಸು

ಗಂಗವ್ವ, ಅಂದು ಅತ್ತೆಯ ಹೊಟ್ಟೆಗೆ ವಿಷ ಹಾಕಿದವಳು ನಾನು. ನಿನ್ನ ಬಳ್ಳಿಯಲ್ಲ, ನೀನಲ್ಲ — ನಾನು.

ನೀನು ಬೆಲ್ಲದ ಬಾಗೇವಾಡಿಯ ನಮ್ಮ ಮನೆಗೆ ಕಿರಿಸೊಸೆಯಾಗಿ ಬಂದಾಗ ಅಂಕಲಗಿಯ ತವರಿನಿಂದ ಕಾಡುಗೆಣಸಿನ ಗಡ್ಡೆ ತಂದು ಹಿತ್ತಲ ಬೇವಿನ ಬುಡದಲ್ಲಿ ಊರಿದೆ. ಬಳ್ಳಿ ಮರದ ತುದಿಗೇರಿತು. ನೀನು ಬೇಯಿಸಿಕೊಟ್ಟ ಮೊದಲ ಗೆಣಸು ತಿಂದು ಅತ್ತೆ, "ಇಂಥಾ ರುಚಿ ನಾ ಕಂಡೇ ಇಲ್ಲವ್ವಾ" ಎಂದರು. ಅದೇ ಒಲೆಯ ಮುಂದೆ ಹನ್ನೊಂದು ವರ್ಷ ಬೆಂದವಳು ನಾನು — ನನಗೊಮ್ಮೆಯೂ ಹಾಗೆ ಅಂದಿರಲಿಲ್ಲ.

ಮರುವರ್ಷ ನೀನು ಗೆಣಸು ಅಗೆದ ದಿನವೇ ನಿನ್ನ ಅಪ್ಪನಿಗೆ ಹುಷಾರಿಲ್ಲವೆಂದು ಫೋನ್ ಬಂತು. ಚೀಲ ಹಿಡಿದು ನಿಂತೇ ನೀನು ಹೇಳಿದೆ: "ಅಕ್ಕಾ, ಹೋಳ ಮಾಡಿ ಮೂರ ದಿನ ನೀರಾಗ ನೆನಿ ಇಡ್ರಿ. ದಿನಾ ನೀರ ಬದಲ ಮಾಡ್ರಿ. ಹಂಗ ಕುದಿಸಿದ್ರ ವಿಷ ಐತ್ರಿ."

ಕೇಳಿಸಿಕೊಂಡೆ. ಆದರೆ ಮೂರು ದಿನವೆಂದರೆ — ಅಷ್ಟರಲ್ಲಿ ನೀನು ಬಂದುಬಿಡುತ್ತೀ. ಕುದಿಸಿದರೆ ಎಂಥ ವಿಷವೂ ಹೋದೀತು ಅಂದುಕೊಂಡೆ. ಮರುದಿನವೇ ಬೇಯಿಸಿ ಮೊದಲು ಅತ್ತೆಯ ತಾಟಿಗೆ ಬಡಿಸಿದೆ. ಅತ್ತೆಯ ಬಾಯಿಂದ ಆ ರುಚಿಯ ಮಾತೊಂದು ನನಗೂ ಬೇಕಿತ್ತು.

ಗಂಟಲು ಉರಿಯುತ್ತಿದೆ ಎಂದರು. ಆಮೇಲೆ ವಾಂತಿಯಾಯಿತು, ಕಣ್ಣು ಮೇಲಾದವು — ಹುಕ್ಕೇರಿಯ ದವಾಖಾನೆಗೆ ಒಯ್ಯುವಾಗ ನನ್ನ ತೊಡೆಯ ಮೇಲಿದ್ದ ಅವರ ತಲೆ ನಡುಗುತ್ತಿತ್ತು. ಡಾಕ್ಟರು ಕೇಳಿದರು, "ಹೆಂಗ ಮಾಡಿದ್ರಿ ಇದನ್ನ?" ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಗಂಗವ್ವ ಹೇಳಿದಂಗ ಮಾಡೇನ್ರಿ."

ಅಷ್ಟೇ ಮಾತು. ಅತ್ತೆ ಉಳಿದರು. ನಿನ್ನ ಗಂಡನೇ ಕೊಡಲಿಯಿಂದ ಬಳ್ಳಿ ಕಡಿದ. ತಿರುಗಿ ಬಂದ ನೀನು ಎಲ್ಲರೆದುರು ನನ್ನನ್ನು ಕೇಳಿದೆ, "ಅಕ್ಕಾ, ನಾ ನಿಮಗ ಹೇಳಿದ್ದಿಲ್ಲೇನ್ರಿ?"

"ನನಗ ನೆನಪಿಲ್ಲ" ಎಂದೆ. ಇತ್ತು, ಗಂಗವ್ವ. ಒಂದೊಂದು ಅಕ್ಷರವೂ ನೆನಪಿತ್ತು.

ಆಮೇಲೆ ಅತ್ತೆ ನಿನ್ನ ಕೈಯಿಂದ ನೀರೂ ಮುಟ್ಟಲಿಲ್ಲ. ವರ್ಷ ತುಂಬುವುದರೊಳಗೆ ನೀವಿಬ್ಬರೂ ಬೇರೆಯಾಗಿ ಮೂಡಲಗಿಗೆ ಹೋದಿರಿ. ಹೇಳಬೇಕು, ಹೇಳಬೇಕು ಎನ್ನುತ್ತಲೇ — ಹೋದ ತಿಂಗಳು ಅತ್ತೆ ತೀರಿಕೊಂಡರು. ಮಣ್ಣಿಗೆ ಬಂದ ನೀನು ಹೊಸ್ತಿಲ ಹೊರಗೇ ನಿಂತಿದ್ದೆ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ನಾನೂ ಕರೆಯಲಿಲ್ಲ.

ಇಂದು ಬೆಳಿಗ್ಗೆ ನನ್ನ ಗಂಡನಿಗೆ ಎಲ್ಲ ಹೇಳಿದೆ. ಅವರು ಉಣ್ಣುವುದನ್ನು ಬಿಟ್ಟು ಎದ್ದುಹೋದರು. ನಾಳೆ ಮೂಡಲಗಿಗೆ ಬರುತ್ತೇನೆ. ನಿನ್ನ ಗಂಡನ ಎದುರು, ನಿನ್ನ ಓಣಿಯವರ ಎದುರು ಇದನ್ನೇ ಹೇಳುತ್ತೇನೆ. ನೀನು ಕ್ಷಮಿಸಲೆಂದಲ್ಲ.

ಅತ್ತೆ ಮಾತ್ರ ನಿನ್ನನ್ನೇ ಪಾಪಿಯೆಂದು ನಂಬಿ ಹೋದರು. ಅದನ್ನು ಇನ್ನು ಯಾರ ಮುಂದೆ ಹೇಳಿದರೂ ಅಳಿಸಲಾಗದು.