ಗಿಂಬಲ್ ರಿಪೇರಿಯೂ ನನ್ನ ಬಾಯಿಯೂ

ಎರಡು ವರ್ಷದ ಹಿಂದಿನ ದಸರಾ ಮುಗಿದು ಐದೇ ದಿನವಾಗಿತ್ತು. ಹೈದರಾಬಾದಿನ ನಾಚಾರಂನಲ್ಲಿ ಒಂದು ತೆಲುಗು ಕುಟುಂಬದ ಮದುವೆ. ಡ್ರೋನ್ ಹಾರಿಸಿ ವಿಡಿಯೊ ತೆಗೆಯುವ ಕೆಲಸ ನನ್ನದು. ಬೀದರಿನಿಂದ ಬಂದ ನಾನು ಯಾರ ಕೈಕೆಳಗೂ ಅಲ್ಲದೆ ಸ್ವಂತವಾಗಿ ಒಪ್ಪಿಕೊಂಡ ಮೊದಲ ಮದುವೆ ಅದು. ಮದುಮಗನ ಮೆರವಣಿಗೆ ಹನ್ನೆರಡಕ್ಕೆ. ನಾನು ಬೆಳಿಗ್ಗೆ ಎಂಟಕ್ಕೇ ಫಂಕ್ಷನ್ ಹಾಲಿನ ಅಂಗಳದಲ್ಲಿದ್ದೆ.

ಒಮ್ಮೆ ಹಾರಿಸಿ ನೋಡಿದರೆ, ಪರದೆಯ ಮೇಲೆ ಇಡೀ ಹಾಲ್ ಗಡಗಡ ನಡುಗುತ್ತಿದೆ! ಡ್ರೋನ್ ಗಾಳಿಗೆ ಓಲಾಡಿದರೂ ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಪುಟ್ಟ ಭಾಗವೊಂದಿರುತ್ತದೆ, ಗಿಂಬಲ್ ಅಂತ. ಅದನ್ನು ದಸರೆಗೆ ಮುಂಚೆಯಷ್ಟೇ ಅಮೀರ್‌ಪೇಟ್‌ನ ರಜಾಕ್ ಚಾಚಾ ಹತ್ತಿರ ರಿಪೇರಿ ಮಾಡಿಸಿದ್ದೆ. ಇನ್ನೇನು ಬೇಕು, ಪಿತ್ತ ನೆತ್ತಿಗೇರಿತು. ಡ್ರೋನನ್ನು ಚೀಲಕ್ಕೆ ತುರುಕಿ, ಮದುಮಗಳ ತಂದೆಗೆ ಈಗ ಬಂದೆ ಎಂದು ಹೇಳಿ ಮೆಟ್ರೊ ಹಿಡಿದೆ. ಜಾಗವಿದ್ದರೂ ಕೂರಲಾಗಲಿಲ್ಲ. ಚಾಚಾಗೆ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಬಾಗಿಲಿಂದ ಬಾಗಿಲಿಗೆ ಓಡಾಡಿದೆ.

ಚಾಚಾ ನಮ್ಮ ಬೀದರ್ ಕಡೆಯವರೇ. ಆಗಷ್ಟೇ ಅಂಗಡಿ ತೆರೆದಿದ್ದರು, ಮೂವರು ಗಿರಾಕಿಗಳು ನಿಂತಿದ್ದರು.

"ಎಂಥಾ ರಿಪೇರಿ ಮಾಡೀರಿ ಚಾಚಾ? ಹಳೇ ಸಾಮಾನ ಹಾಕಿ ಕೊಟ್ಟೀರಿ! ಹನ್ನೆರಡಕ್ಕ ಬರಾತ್ ಅದ, ನಿಮ್ಮನ್ನ ನಂಬಿ ನಾ ಹಾಳಾದೆ!" ಎಂದು ಕೂಗಾಡಿದೆ.

ಒಬ್ಬ ಗಿರಾಕಿ ತನ್ನ ಕ್ಯಾಮೆರಾವನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟ. ಚಾಚಾ ಅದನ್ನು ನೋಡಿದರು. "ತಡಿ ಬೇಟಿ, ನೋಡೋಣು" ಎಂದಷ್ಟೇ ಹೇಳಿ, ಚಿಮಟ ಹಿಡಿದು ನನ್ನ ಡ್ರೋನಿನ ಕ್ಯಾಮೆರಾದ ಸಂದಿನಿಂದ ಏನನ್ನೋ ಎಳೆದರು. ಬೆರಳುದ್ದದ ದಾರ, ಕುಂಕುಮ ಮೆತ್ತಿ ಕೆಂಪಾಗಿತ್ತು.

ಆಯುಧ ಪೂಜೆಯ ದಿನ ಸ್ಕೂಟರಿಗೆ ಮಾಡಿದಂತೆಯೇ ಡ್ರೋನಿಗೂ ಕುಂಕುಮ ಹಚ್ಚಿ, ಕ್ಯಾಮೆರಾದ ಕತ್ತಿಗೇ ಚೆಂಡು ಹೂವು ಕಟ್ಟಿದ್ದವಳು ನಾನೇ. ಮರುದಿನ ಅವಸರದಲ್ಲಿ ಹೂವನ್ನಷ್ಟೇ ಕಿತ್ತೆಸೆದಿದ್ದೆ.

"ಮೋಟರಿಗೆ ಸುತ್ಕೊಂಡದ, ತಿರಗಾಕ ಬಿಡವಲ್ದು" ಎನ್ನುತ್ತ ಚಾಚಾ ಬ್ರಷ್ಷಿನಿಂದ ಕುಂಕುಮ ತೆಗೆದರು. ದಾರವನ್ನು ಬಿಸಾಡದೆ ಕಾಗದದಲ್ಲಿ ಮಡಚಿ ನನ್ನ ಕೈಗಿಟ್ಟರು. "ಪೂಜಿದ್ದು, ಇಲ್ಲಿ ಮಂದಿ ತುಳಿದಾಡ್ತಾರ. ನೀ ನಡಿ, ಹೊತ್ತಾಗ್ತದ."

ಕಾಗದದ ಪೊಟ್ಟಣವನ್ನು ಡ್ರೋನಿನ ಜೊತೆ ಚೀಲಕ್ಕೆ ಹಾಕಿಕೊಂಡೆ. ಓಡಿದೆ. ಮೆರವಣಿಗೆಯ ವಿಡಿಯೊ ಒಂದು ಚೂರೂ ಅಲುಗದೆ ಚಂದವಾಗಿ ಬಂತು. ಮದುಮಗಳ ತಂದೆ ಹೊಗಳಿದರು. ನನಗೋ, ಹೊರಟುಹೋದ ಗಿರಾಕಿಯ ಬೆನ್ನೇ ಕಣ್ಣಿಗೆ ಕಟ್ಟಿತ್ತು.

ಮರುದಿನ ಹೋದಾಗ ಚಾಚಾ ಒಬ್ಬರೇ ಇದ್ದರು.

"ತಪ್ಪಾಯ್ತು ಅನ್ನಾಕ ಬಂದೀನಿ ಚಾಚಾ."

"ಅಂದಿಯಲ್ಲ, ಆಯ್ತು. ಹೋಗಿನ್ನ" ಎಂದು ನಕ್ಕರು.

"ಮಂದಿ ಮುಂದ ಬೈದೀನಿ. ಮಂದಿ ಬರಲಿ" ಎಂದು ಸ್ಟೂಲಿನ ಮೇಲೆ ಕೂತೆ.

ಐದು ನಿಮಿಷ ಒಂದೆಡೆ ಕೂರಲಾರದ ನಾನು ಒಂದೂವರೆ ಗಂಟೆ ಕಾದೆ. ನಾಲ್ವರು ಸೇರಿದ ಮೇಲೆ ಎದ್ದು ನಿಂತು, ಇವರ ಕೆಲಸದಲ್ಲಿ ದೋಷವಿರಲಿಲ್ಲ, ತಪ್ಪೆಲ್ಲ ನನ್ನದು ಎಂದು ತೆಲುಗಿನಲ್ಲೂ ಹಿಂದಿಯಲ್ಲೂ ಹೇಳಿದೆ. ಚಾಚಾ ತಲೆ ಎತ್ತಲಿಲ್ಲ, ಆದರೆ ಕೈಯಲ್ಲಿದ್ದ ಸ್ಕ್ರೂ ಎರಡು ಸಲ ಜಾರಿತು.

ಆ ನಾಲ್ವರಲ್ಲಿ ಹಿಂದಿನ ದಿನ ಹೊರಟುಹೋದವನಿರಲಿಲ್ಲ. ಅವನಿಗೆ ಯಾರು ಹೇಳುತ್ತಾರೆ? ಈ ಚಡಪಡಿಕೆ ಇವತ್ತಿಗೂ ಹೋಗಿಲ್ಲ. ಅಮೀರ್‌ಪೇಟ್‌ನಲ್ಲಿ ಕ್ಯಾಮೆರಾ ಚೀಲ ಹಾಕಿಕೊಂಡವರು ಯಾರೇ ಎದುರಾದರೂ ನಿಂತು ಮುಖ ನೋಡುತ್ತೇನೆ.