ಡಲ್ಲಾಸಿನಲ್ಲಿ ಅತ್ತೆಯಾದ ಅಕ್ಕ

ಇದನ್ನು ಹೇಳುವುದನ್ನು ಮೂರು ವರ್ಷದಿಂದ ಮುಂದೂಡುತ್ತ ಬಂದಿದ್ದೇನೆ. ಆ ಅಕ್ಕನ ಬಲಗೈಯ ಕಿರುಬೆರಳು ಡೊಂಕು. ಬಟ್ಟೆ ಮಡಿಸುವಾಗ ಅದೊಂದೇ ಬೇರೆ ಕಡೆ ನೋಡುತ್ತಿತ್ತು.

ಧಾರವಾಡದವರು. ಆರು ತಿಂಗಳಿಗೆಂದು ವಿಸಿಟರ್ ವೀಸಾದಲ್ಲಿ ಜಾರ್ಜ್‌ಟೌನಿನ ಮಗನ ಮನೆಗೆ ಬಂದಿದ್ದರು. ನಾನು ಪಕ್ಕದ ಆಸ್ಟಿನ್‌ನಲ್ಲಿ ಮಗಳ ಜೊತೆಗೇ ಉಳಿದವನು. ಎಸ್ಸೆಸ್ಸೆಲ್ಸಿ ಮುಗಿಸಿ ಮೈಸೂರಿನ ಟಾಕೀಸಿನಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದಾಗ ಹಾಲಿವುಡ್ಡಿನ ಹಳೆಯ ಕಪ್ಪು-ಬಿಳುಪು ಸಂಸಾರದ ಚಿತ್ರವೊಂದನ್ನು ಎರಡು ವಾರ ಓಡಿಸಿದ್ದೆ. ಅದರಲ್ಲಿ ಮದುವೆಯಾಗದ ಅತ್ತೆಯೊಬ್ಬಳು ಬರುವುದೇ ಹತ್ತು ನಿಮಿಷ. ನಾಯಕನ ಮುಖ ಮರೆತಿದೆ, ಅವಳದು ಮರೆತಿಲ್ಲ. ಆ ಕಥೆಯನ್ನೇ ಕನ್ನಡಕ್ಕೆ ತಂದು ಇಲ್ಲಿನ ಕನ್ನಡಿಗರಿಂದ ನಾಟಕ ಆಡಿಸಿದೆ. ಮನೆಯ ಯಜಮಾನ ನಾನು. ಅವನ ಅಕ್ಕ, ಮಕ್ಕಳ ಅತ್ತೆ, ಆ ಪಾತ್ರ ಈ ಧಾರವಾಡದ ಅಕ್ಕನದು.

"ಮಾತು ಕಡಿಮಿ ಕೊಡ್ರಿ, ಕೆಲಸ ಹೆಚ್ಚ ಕೊಡ್ರಿ" ಎನ್ನುತ್ತಿದ್ದರು. ರಿಹರ್ಸಲ್ ದಿನ ಒಂದು ಗಂಟೆ ಮೊದಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿರುತ್ತಿದ್ದರಂತೆ. ವಾರದಲ್ಲಿ ಅವರು ಮನೆಯಿಂದ ಹೊರಬೀಳುತ್ತಿದ್ದದ್ದೇ ಅದಕ್ಕೆ.

ಡಲ್ಲಾಸಿನ ಪ್ರದರ್ಶನದಲ್ಲಿ ನಾನು, "ನಿನ್ನ ಕೋಣೆ ಇನ್ಮೇಲೆ ಸೊಸೆಗೆ" ಎಂದೆ. ಅವರು ಸುಮ್ಮನೆ ಒಳಗೆ ಹೋಗಬೇಕಿತ್ತು. ಹೋಗಲಿಲ್ಲ. ತಮ್ಮ ಹೊದಿಕೆ ಮಡಿಸಿದರು. ಮತ್ತೆ ಮಡಿಸಿದರು. ಇನ್ನು ಮಡಿಸಲಾಗದು ಎನ್ನುವಾಗ ಅದನ್ನು ಎದೆಗವಚಿಕೊಂಡು ನನ್ನ ಕಡೆ ತಿರುಗಿದರು.

"ಇನ್ನೂ ಎಷ್ಟು ಸಣ್ಣಾಕಿ ಆಗ್ಲೋ, ತಮ್ಮಾ?"

ಸಭೆಯಲ್ಲಿ ಯಾರೋ ಬಿಕ್ಕಿದರು. ಆಮೇಲೆ ಬಂದ ನನ್ನ ಉದ್ದದ ಭಾಷಣ ಯಾರ ಕಿವಿಗೂ ಬೀಳಲಿಲ್ಲ.

"ಅಂಕಲ್, ನಾಟಕ ನಿಮ್ದು, ಚಪ್ಪಾಳೆ ಅತ್ತೇದು!" ಎಂದು ಪ್ರೇಕ್ಷಕರೊಬ್ಬರು ನನ್ನ ಬೆನ್ನು ತಟ್ಟಿದರು.

ಅಕ್ಕ ಹತ್ತಿರ ಬಂದು, "ತಾನಾಗೇ ಬಂತ್ರಿ. ತಪ್ಪಾತೇನ್ರಿ?" ಎಂದರು.

"ಛೆ, ಇಲ್ಲ" ಎಂದೆ. ಹೊಟ್ಟೆ ಉರಿಯುತ್ತಿತ್ತು.

ಹಿಂತಿರುಗುವಾಗ ಅಳಿಯ ಕಾರಿಗೆ ಪೆಟ್ರೋಲ್ ಹಾಕಲು ಇಳಿದ. ಕಾರಿನಲ್ಲಿ ಅಕ್ಕ, ನಾನು ಇಬ್ಬರೇ.

"ಅಕ್ಕಾವ್ರೇ, ವಿಸಿಟರ್ ವೀಸಾದವರು ಟಿಕೆಟ್ ಇಟ್ಟ ನಾಟಕದಲ್ಲಿ ಕಾಣಿಸ್ಕೊಂಡ್ರೆ ಮಗನ ಗ್ರೀನ್ ಕಾರ್ಡಿಗೇ ಕುತ್ತಂತೆ. ಅವನಿಗೆ ಹೇಳ್ಬೇಡಿ, ಗಾಬರಿ ಆಗ್ತಾನೆ."

ಯಾರನ್ನೂ ಕೇಳಿ ತಿಳಿದದ್ದಲ್ಲ. ಆ ಗಳಿಗೆಯಲ್ಲಿ ಕಟ್ಟಿದ ಮಾತು.

"ಅವ್ವಾ! ನನ್ನಿಂದ ಅವಂಗ ತ್ರಾಸ ಬ್ಯಾಡ್ರಿ" ಎಂದರು. ಮುಂದಿನ ವಾರದ ರಿಹರ್ಸಲ್‌ಗೆ ಬರಲಿಲ್ಲ.

ಹ್ಯೂಸ್ಟನ್‌ನ ಮುಂದಿನ ಪ್ರದರ್ಶನದಲ್ಲಿ ಆ ಪಾತ್ರವನ್ನು ಬೇರೊಬ್ಬರು ಮಾಡಿದರು. ಚಪ್ಪಾಳೆ ನನಗೇ ಬಿತ್ತು.

"ಅತ್ತೆ ಪಾರ್ಕಿಗೂ ಬರಲ್ಲ ಅಂಕಲ್. ಯಾರಾದ್ರೂ ಫೋಟೋ ತೆಗೀತಾರೆ ಅಂತಾರೆ. ಏನಾಗಿದೆಯೋ" ಎಂದಳು ಅವರ ಸೊಸೆ. ಆಗಲಾದರೂ ನಿಜ ಹೇಳಬಹುದಿತ್ತು. ಎರಡು ತಿಂಗಳು ಬಾಕಿ ಇರುವಾಗಲೇ ಅಕ್ಕ ಊರಿಗೆ ಹೊರಟುಹೋದರು. ಮಗ ಎಷ್ಟು ಕರೆದರೂ ಮತ್ತೆ ಬರಲಿಲ್ಲ. ಈ ವರ್ಷ ಅಲ್ಲೇ ತೀರಿಕೊಂಡರು. ಅವನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ನಾವೇನು ತಪ್ಪು ಮಾಡಿದ್ವಿ ಅಂಕಲ್? ಅಮ್ಮ ಯಾಕೆ ಬರ್ಲಿಲ್ಲ?" ಎಂದು ಮಗ ವಾಪಸು ಬಂದ ಮೇಲೆ ನನ್ನ ಕೈ ಹಿಡಿದು ಅತ್ತ.

"ವಯಸ್ಸಾಗಿತ್ತಪ್ಪ" ಎಂದೆ.

ಈಗಲೂ ಶನಿವಾರ ನನ್ನನ್ನು ದೇವಸ್ಥಾನಕ್ಕೆ ಕರೆದೊಯ್ಯುವವನು ಅವನೇ. ಪಕ್ಕದಲ್ಲಿ ಕೂತು ಬಾಯಿ ಬಿಡಲಾರದೆ ಇದನ್ನು ಬರೆದಿದ್ದೇನೆ. ಮಗೂ, ನಿನ್ನಿಂದ ಏನೂ ತಪ್ಪಾಗಿಲ್ಲ. ಅವರನ್ನು ಹೆದರಿಸಿ ಕಳಿಸಿದವನು ನಾನು. ಬದುಕಿದ್ದಾಗ ಒಂದು ಫೋನ್ ಮಾಡಿ ಕ್ಷಮಿಸಿ ಎನ್ನಲಿಲ್ಲ, ನಿನ್ನ ಅಮ್ಮನಿಗೆ, ಆ ಧಾರವಾಡದ ಅಕ್ಕನಿಗೆ.